ಸಹಾಯ ಬೇಕು: ಅಪ್ಪನ ಕಣ್ಣಿಗೆ ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವ ಆಪರೇಷನ್) ಈಗಲೇ ಮಾಡಿಸಬೇಕಾ, ಕಾಯಬಹುದಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ, ಸಕ್ಕರೆ ಕಾಯಿಲೆ ಬಂದು 18 ವರ್ಷ ಆಯಿತು. ಆರು ವಾರದ ಹಿಂದೆ ಬೆಳಿಗ್ಗೆ ಎದ್ದವರು ಬಲಗಣ್ಣಿನ ಮುಂದೆ ಕಪ್ಪು ಜೇಡರಬಲೆ ತೇಲಿದ ಹಾಗೆ ಕಾಣುತ್ತಿದೆ ಎಂದರು, ಸಂಜೆ ಹೊತ್ತಿಗೆ ಬರೀ ಮಬ್ಬು. ಸಕ್ಕರೆಯಿಂದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಮೇಲೆ ಬೆಳೆದ ಹೊಸ ರಕ್ತನಾಳ ಒಡೆದು, ಕಣ್ಣೊಳಗಿನ ಲೋಳೆಯಲ್ಲಿ ರಕ್ತ ತುಂಬಿಕೊಂಡಿದೆಯಂತೆ.

ಕಣ್ಣಿಗೆ ಒಂದು ಇಂಜೆಕ್ಷನ್ ಆಯಿತು. ರಾತ್ರಿ ತಲೆ ಎತ್ತರಕ್ಕಿಟ್ಟು ಮಲಗಿ ಎಂದರು, ಅದೂ ನಡೆದಿದೆ. ರಕ್ತ ಅಡ್ಡ ಇರುವುದರಿಂದ ಲೇಸರ್ ಮಾಡೋಕೆ ಆಗುತ್ತಿಲ್ಲ. ಬಿ-ಸ್ಕ್ಯಾನ್‌ನಲ್ಲಿ (ಕಣ್ಣಿನ ಅಲ್ಟ್ರಾಸೌಂಡ್) ರೆಟಿನಾ ಕಳಚಿಲ್ಲ, ಆದರೆ ಒಂದು ಕಡೆ ಪೊರೆ ಅದನ್ನು ಎಳೆಯುತ್ತಿದೆ ಎಂದು ಬಂದಿದೆ.

ಇಲ್ಲೇ ನಮಗೆ ಗೊಂದಲ. ಒಬ್ಬ ಡಾಕ್ಟರು, ರಕ್ತ ತಾನಾಗಿಯೇ ಕರಗಬಹುದು, ಇನ್ನೂ ಒಂದು ತಿಂಗಳು ನೋಡೋಣ ಎನ್ನುತ್ತಾರೆ. ಇನ್ನೊಬ್ಬರು, ಎಳೆತ ರೆಟಿನಾದ ಮಧ್ಯದಲ್ಲಿ ನೇರ ನೋಟ ಕೊಡುವ ಮ್ಯಾಕುಲಾಗೆ ಬಂದರೆ ಹೋದ ದೃಷ್ಟಿ ಪೂರ್ತಿ ವಾಪಸ್ ಬರಲ್ಲ, ಈಗಲೇ ಮಾಡಿಸಿ ಎನ್ನುತ್ತಾರೆ. ಅಪ್ಪ ದಿನಾ ಪೇಪರ್ ಓದುತ್ತಿದ್ದವರು, ಈಗ ಸುಮ್ನೆ ಕೂತಿರುತ್ತಾರೆ, ನೋಡೋಕೆ ಆಗಲ್ಲ. ಎಡಗಣ್ಣಿನಲ್ಲೂ ಅಷ್ಟೇನೂ ಕಾಣಲ್ಲ.

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಈ ಆಪರೇಷನ್ ಆಗಿದ್ದರೆ ದಯವಿಟ್ಟು ಹೇಳಿ: ರಕ್ತ ಕರಗಲಿಲ್ಲ ಎಂದು ಮಾಡಿದರಾ, ಪೊರೆಯ ಎಳೆತಕ್ಕೆ ಮಾಡಿದರಾ? ಎಷ್ಟು ವಾರ ಕಾದಿರಿ? ಮುಂದಿನ ಸಲ ಡಾಕ್ಟರ ಹತ್ತಿರ ಯಾವ ಪ್ರಶ್ನೆ ತಪ್ಪದೆ ಕೇಳಬೇಕು?