577 ಅಂದ್ರೆ ದಾವಣಗೆರೆ ಅಂತ ಶೀಟ್ ತೋರಿಸ್ತಿದೆ, ಕಡೂರಿನ ಪಾರ್ಸೆಲ್ಲೂ ಲೋಕಲ್ ಚೀಲಕ್ಕೆ ಬೀಳ್ತಿದೆ

ಬೆಣ್ಣೆನಗರಿ: ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಚಟ್ನಿಪುಡಿ, ಶೇಂಗಾ ಹೋಳಿಗೆ ಪಾರ್ಸೆಲ್ ಕಳಿಸ್ತೀವಿ. ಜಿಲ್ಲೆಯೊಳಗಿನದನ್ನ ನಮ್ಮ ಹುಡುಗರೇ ಗಾಡಿಯಲ್ಲಿ ಮುಟ್ಟಿಸ್ತಾರೆ, ಉಳಿದದ್ದು ಅಂಚೆಗೆ. ಪಿನ್‌ಕೋಡ್ 577ರಿಂದ ಶುರುವಾದ್ರೆ ಜಿಲ್ಲೆ ಕಾಲಂನಲ್ಲಿ 'ದಾವಣಗೆರೆ' ಅಂತ ತುಂಬೋ ಹಾಗೆ ಎಕ್ಸೆಲ್‌ನಲ್ಲಿ ಫಾರ್ಮುಲಾ ಇದೆ. ಈಗ ಸಾಗರ, ಕಡೂರಿನ ಪ್ಯಾಕೆಟ್ಟೂ ಲೋಕಲ್ ಚೀಲದಲ್ಲೇ ಸೇರ್ಕೊಳ್ತಿವೆ. ಹೋಳಿಗೆ ತಡವಾದ್ರೆ ಕೆಡುತ್ತೆ. ಹೇಗೆ ಸರಿ ಮಾಡೋದು?

ಶೀಟ್_ಗೆಳೆಯ: ಮೂರು ಅಂಕಿ ಸಾಲದು ಮೇಡಂ, ನಾಲ್ಕು ನೋಡಿ. 5770 ದಾವಣಗೆರೆ, 5771 ಚಿಕ್ಕಮಗಳೂರು, 5772 ಶಿವಮೊಗ್ಗ, 5775 ಚಿತ್ರದುರ್ಗ.

ದುರ್ಗದ_ಅಂಚೆಚೀಟಿ: ನಾಲ್ಕು ಅಂಕಿಯೂ ಕೈಕೊಡುತ್ತೆ ಸರ್. ಚನ್ನಗಿರಿ 577213, ಹೊನ್ನಾಳಿ 577217. ನಿಮ್ಮ ಲೆಕ್ಕದಲ್ಲಿ ಎರಡೂ ಶಿವಮೊಗ್ಗಕ್ಕೆ ಹೋಗ್ತವೆ. ಜಗಳೂರು 577528, ಅದು ನಮ್ಮ ದುರ್ಗದ ಪಾಲಾಗುತ್ತೆ. ಮೂರೂ ಇರೋದು ದಾವಣಗೆರೆ ಜಿಲ್ಲೆಯಲ್ಲಿ. ಕಡೂರು 577548, ತರೀಕೆರೆ 577228. ಇವೆರಡೂ ಚಿಕ್ಕಮಗಳೂರು ಜಿಲ್ಲೆಯವು, ಆದ್ರೆ ಎರಡರಲ್ಲೂ 5771 ಕಾಣಲ್ಲ.

ಪಿನ್‌ಕೋಡ್ ಜಾರಿಗೆ ಬಂದಿದ್ದು 1972ರ ಆಗಸ್ಟ್ 15ಕ್ಕೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ, ಸರಿಯಾಗಿ ಇಪ್ಪತ್ತೈದು ವರ್ಷ ಆದ್ಮೇಲೆ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಈ ಹರಪನಹಳ್ಳಿಯನ್ನೇ ನೋಡಿ: 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರ್ತು. ಪಿನ್ ಮಾತ್ರ ಬಳ್ಳಾರಿ ಸಾಲಿನ 583131, ಹಾಗೇ ಇದೆ.

ಯಾಕಂದ್ರೆ ಪಿನ್ ಹೇಳೋದು ಟಪಾಲು ಸಾಗೋ ದಾರಿ. ಮೊದಲ ಅಂಕಿ 5 ಅಂದ್ರೆ ಆಂಧ್ರ, ತೆಲಂಗಾಣ, ಕರ್ನಾಟಕ. 56ರಿಂದ 59 ಕರ್ನಾಟಕ. ಮೂರನೇ ಅಂಕಿಗೆ ಟಪಾಲು ವಿಂಗಡಣೆಯ ಪ್ರದೇಶ ಗೊತ್ತಾಗುತ್ತೆ, ಕೊನೇ ಮೂರು ಬಟವಾಡೆ ಮಾಡೋ ಅಂಚೆ ಕಚೇರಿ. ರಾಜ್ಯದ ಗಡಿಯನ್ನೂ ಇದು ಮೀರುತ್ತೆ. ಪುದುಚೇರಿಗೆ ಸೇರಿದ ಯಾನಂ ಊರಿಗೆ ಆಂಧ್ರದ ಸಾಲಿನ 533464, ಮಾಹೆಗೆ ಕೇರಳದ ಸಾಲಿನ 673310. ಸುತ್ತಲಿನ ರಾಜ್ಯದಿಂದಲೇ ಅಲ್ಲಿಗೆ ಟಪಾಲು ಹೋಗೋದು. ಎಷ್ಟು ಯೋಚನೆ ಮಾಡಿ ಹಂಚಿದ್ದಾರೆ ಅಂತ ನನಗೆ ಇವತ್ತಿಗೂ ಖುಷಿ ಆಗುತ್ತೆ.

ಶೀಟ್_ಗೆಳೆಯ: ಒಪ್ಪಿದೆ ಸರ್. ಹಾಗಾದ್ರೆ ಪೂರ್ತಿ ಪಿನ್ ಪಟ್ಟಿ ಇಟ್ಕೊಂಡು, ಅದರಲ್ಲಿ ಪಿನ್ ಹುಡುಕಿ ಜಿಲ್ಲೆ ಎತ್ತಿಕೊಡೋ ವಿ-ಲುಕಪ್ ಫಾರ್ಮುಲಾ ಹಾಕಿದ್ರೆ?

ಕೋಷ್ಟಕ_ಹರಿಹರ: ಅದರಲ್ಲೂ ಒಂದು ತೊಡಕಿದೆ. ಒಂದೇ ಪಿನ್ ಕೆಳಗೆ ಹಲವು ಹಳ್ಳಿಗಳ ಶಾಖಾ ಅಂಚೆ ಕಚೇರಿ ಇರ್ತವೆ, ವಿ-ಲುಕಪ್ ಮೊದಲು ಸಿಕ್ಕಿದ ಸಾಲನ್ನೇ ಎತ್ಕೊಂಡು ಸುಮ್ಮನಾಗುತ್ತೆ. ಒಂದೇ ಪಿನ್ ಎರಡು ತಾಲ್ಲೂಕಿಗೆ ಹರಡಿರೋದೂ ಉಂಟು. ಜೊತೆಗೆ ಜನ '577 213' ಅಂತ ಮಧ್ಯೆ ಜಾಗ ಬಿಟ್ಟು ಬರೀತಾರೆ. ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಹಾಕಿ ಜಾಗ ತೆಗೆದ್ರೆ ಅದು ಪಠ್ಯ ಆಗಿ ಉಳಿಯುತ್ತೆ, ಪಟ್ಟಿಯಲ್ಲಿ ಸಂಖ್ಯೆ ಇದ್ರೆ ಹೊಂದೋದೇ ಇಲ್ಲ. ಪಠ್ಯವನ್ನ ಸಂಖ್ಯೆ ಮಾಡೋ ವ್ಯಾಲ್ಯೂ ಫಾರ್ಮುಲಾ ಒಳಗೆ ಅದನ್ನ ಸುತ್ತಬೇಕು.

ಮೇಡಂ, ನಿಮಗೆ ಬೇಕಿರೋದು ಲೋಕಲ್ಲಾ ಅಲ್ವಾ ಅನ್ನೋದಷ್ಟೇ ತಾನೇ? ಆರ್ಡರ್ ಫಾರ್ಮ್‌ನಲ್ಲಿ ತಾಲ್ಲೂಕಿನ ಡ್ರಾಪ್‌ಡೌನ್ ಇಡಿ: ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ 'ಬೇರೆ'. ಗಾಡಿಯೋ ಅಂಚೆಯೋ ಅಂತ ಅದನ್ನ ನೋಡಿ ತೀರ್ಮಾನಿಸಿ. ಪಿನ್ ಲೇಬಲ್ ಮೇಲೆ ಇರಲಿ, ಅಂಚೆಯವರಿಗೆ ಬೇಕಾಗೋದು ಅದೇ.

ಬೆಣ್ಣೆನಗರಿ: ಡ್ರಾಪ್‌ಡೌನ್ ಹಾಕಿದೆ ಸರ್. ಚನ್ನಗಿರಿ ಗಾಡಿಗೆ ಬಂತು, ಕಡೂರು ಅಂಚೆಗೆ ಹೋಯ್ತು. ತುಂಬಾ ಉಪಕಾರ ಆಯ್ತು. ಇನ್ನೊಂದು, ಹೊಸ ಡಿಜಿಪಿನ್ ಕೇಳಿದ್ರೆ ಜಿಲ್ಲೆ ಗೊತ್ತಾಗುತ್ತಾ?

ದುರ್ಗದ_ಅಂಚೆಚೀಟಿ: ಇಲ್ಲ ಮೇಡಂ. 2025ರಲ್ಲಿ ಅಂಚೆ ಇಲಾಖೆ ತಂದ ಹತ್ತಕ್ಷರದ ಕೋಡ್ ಅದು, ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕವನ್ನ ಗುರುತಿಸುತ್ತೆ. ಜಿಲ್ಲೆ, ತಾಲ್ಲೂಕು ಅದರಲ್ಲಿ ಬರಲ್ಲ. ತೋಟದ ಮನೆಯವರ ಹತ್ರ ಮಾತ್ರ ಕೇಳಿ ಇಟ್ಕೊಳ್ಳಿ, ಗಾಡಿ ಹುಡುಗರಿಗೆ ದಾರಿ ಹುಡುಕೋಕೆ ಆಗುತ್ತೆ.