ಮರ್ಜ್‌ಗೆ ಮುಂಚೆ ರಿವ್ಯೂ ಕಡ್ಡಾಯ ಮಾಡಬೇಕಾ? ಮೇಂಟೇನರ್‌ಗಳು ಮೂರೇ ಜನ

ಕುಕ್ಕರಹಳ್ಳಿ_ಕೋಡ್
ನುಡಿ ಫಾಂಟ್‌ನಲ್ಲಿ ಟೈಪಾದ ಹಳೇ ಕಡತಗಳನ್ನ ಯೂನಿಕೋಡ್‌ಗೆ ಬದಲಿಸೋ ಓಪನ್ ಸೋರ್ಸ್ ಲೈಬ್ರರಿ ಇದು. ಮರ್ಜ್ ಹಕ್ಕು, ಅಂದರೆ ಬದಲಾವಣೆಯನ್ನ ಮುಖ್ಯ ಕೋಡ್‌ಗೆ ಸೇರಿಸೋ ಹಕ್ಕು, ಮೂವರಿಗಿದೆ, ಇಬ್ಬರು ಮೈಸೂರು, ಒಬ್ಬರು ಮಂಡ್ಯ. ಈಗ ಎಲ್ಲರೂ ಮೇನ್‌ಗೆ (ಮುಖ್ಯ ಶಾಖೆಗೆ) ನೇರ ಪುಶ್ ಮಾಡ್ತಾರೆ, ಬೇರೆಯವರು ನೋಡಲ್ಲ. ರಿವ್ಯೂ ಕಡ್ಡಾಯ ಮಾಡಿದರೆ, ಯಾರಾದರೂ ಊರಲ್ಲಿಲ್ಲದಾಗ ಕೆಲಸ ನಿಂತುಹೋಗುತ್ತೆ ಅನ್ನೋದು ಒಬ್ಬರ ಆಕ್ಷೇಪ. ಏನು ಮಾಡೋದು?

ಮದ್ದೂರು_ಮರ್ಜ್
ಕಡ್ಡಾಯ ಮಾಡಿ, ಆದರೆ ಒಂದೇ ಒಪ್ಪಿಗೆ ಸಾಕು. ಗಿಟ್‌ಹಬ್‌ನಲ್ಲಿ ತಮ್ಮ ಪುಲ್ ರಿಕ್ವೆಸ್ಟ್‌ಗೆ (ಬದಲಾವಣೆ ಸೇರಿಸಿ ಅನ್ನೋ ಕೋರಿಕೆಗೆ) ತಾವೇ ಒಪ್ಪಿಗೆ ಕೊಡಕ್ಕಾಗಲ್ಲ. ಎರಡು ಅಂತ ಇಟ್ಟರೆ ಉಳಿದಿಬ್ಬರೂ ಸಿಗಲೇಬೇಕು, ಆಗ ನಿಜಕ್ಕೂ ನಿಲ್ಲುತ್ತೆ. ಮೇನ್‌ಗೆ ಕಾವಲು ಹಾಕೋ ಬ್ರಾಂಚ್ ಪ್ರೊಟೆಕ್ಷನ್ ಸೆಟ್ಟಿಂಗ್‌ನಲ್ಲಿ ಇನ್ನೆರಡು ಟಿಕ್ ಮರೀಬೇಡಿ. ಹೊಸ ಕಮಿಟ್ (ದಾಖಲಾದ ಬದಲಾವಣೆ) ಬಂದರೆ ಹಳೇ ಒಪ್ಪಿಗೆ ರದ್ದಾಗಬೇಕು. ಇಲ್ಲದಿದ್ದರೆ ಒಪ್ಪಿಗೆ ಸಿಕ್ಕ ಮೇಲೆ ಯಾರೂ ನೋಡದ ಕೋಡ್ ಒಳಗೆ ಬರುತ್ತೆ. ಅಡ್ಮಿನ್‌ಗಳೂ ನಿಯಮ ದಾಟೋ ಹಾಗಿರಬಾರದು.

ಒತ್ತಕ್ಷರ
ನಿಮ್ಮ ಲೈಬ್ರರಿಗೆ ಎರಡನೇ ಕಣ್ಣು ಬೇಕೇ ಬೇಕು, ಆದರೆ ಕಣ್ಣೊಂದೇ ಸಾಲದು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ರ್ ಮೊದಲೇ ಬರಬೇಕು. ‘ರ‍್ಯಾಂಕ್’ ಅನ್ನೋದಕ್ಕೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕ, ಅಂದರೆ ಯು+200ಡಿ, ಇರಲೇಬೇಕು. ಯಾರೋ ಒಳ್ಳೇ ಮನಸ್ಸಿಂದಲೇ ‘ಬೇಡದ ಅಕ್ಷರ ತೆಗೆದಿದ್ದೇನೆ’ ಅಂತ ಅದನ್ನ ಅಳಿಸಿದರೆ ಅದು ‘ರ್ಯಾಂಕ್’ ಆಗುತ್ತೆ. ಹಳೇ-ಹೊಸ ಕೋಡ್ ಹೋಲಿಸಿ ತೋರಿಸೋ ಡಿಫ್‌ನಲ್ಲಿ ಸಾಲು ಬದಲಾಗಿದೆ ಅಂತ ತೋರಿಸುತ್ತೆ, ಏನು ಬದಲಾಯ್ತು ಅಂತ ಗೊತ್ತಾಗೋದೇ ಇಲ್ಲ! ಅದಕ್ಕೇ ಟೆಸ್ಟ್‌ಗಳಲ್ಲಿ ನಿರೀಕ್ಷಿತ ಉತ್ತರವನ್ನ ಅಕ್ಷರದ ಬದಲು ಯೂನಿಕೋಡ್ ಅದಕ್ಕೆ ಕೊಟ್ಟಿರೋ ಕೋಡ್‌ಪಾಯಿಂಟ್ ಸಂಖ್ಯೆಗಳಲ್ಲೇ ಬರೀರಿ, ಆ ಟೆಸ್ಟ್ ಪಾಸಾಗದೆ ಮರ್ಜ್ ಆಗದ ಹಾಗೆ ಕಟ್ಟುನಿಟ್ಟು ಮಾಡಿ. ನುಡಿಯ ಯಾವ ಅಕ್ಷರಕ್ಕೆ ಯಾವ ಯೂನಿಕೋಡ್ ಅಂತ ಹೇಳೋ ಮ್ಯಾಪಿಂಗ್ ಪಟ್ಟಿಯ ಬದಲಾವಣೆ ಮತ್ತು ಕೋಡ್ ಸುಧಾರಣೆ ಒಂದೇ ರಿಕ್ವೆಸ್ಟ್‌ನಲ್ಲಿ ಬಂದರೆ ಬೇರೆ ಮಾಡಿ ಕಳಿಸಿ ಅಂತ ವಾಪಸ್ ಕೊಡಿ.

ಕುಕ್ಕರಹಳ್ಳಿ_ಕೋಡ್
ಕೋಡ್‌ಪಾಯಿಂಟ್ ಟೆಸ್ಟ್ ಇಲ್ಲ, ಇವತ್ತೇ ಹಾಕ್ತೀವಿ. ರಿಲೀಸ್ ಆದ ಮೇಲೆ ಏನೋ ಒಡೆದುಹೋದರೆ, ಆಗಲೂ ಒಪ್ಪಿಗೆಗೆ ಕಾಯಬೇಕಾ?

ಮದ್ದೂರು_ಮರ್ಜ್
ಹೌದು. ರಾತ್ರೋರಾತ್ರಿ ಹೊಸ ಪರಿಹಾರ ಬರೆಯೋ ಬದಲು ಕೆಟ್ಟ ಕಮಿಟ್ ರಿವರ್ಟ್ ಮಾಡೋ (ಹಿಂದಕ್ಕೆ ತೆಗೆಯೋ) ರಿಕ್ವೆಸ್ಟ್ ಹಾಕಿ. ಅದನ್ನ ಓದಿ ಒಪ್ಪೋಕೆ ಎರಡು ನಿಮಿಷ ಸಾಕು, ಮೊಬೈಲಲ್ಲೇ ಆಗುತ್ತೆ.

ಟಾರ್‌ಬಾಲ್
ರಿವ್ಯೂ ಮಾಡಿದ ಕೋಡೇ ಬಳಕೆದಾರರಿಗೆ ಹೋಗ್ತಿದೆಯಾ ಅಂತಲೂ ನೋಡಿ. 2024ರ ಮಾರ್ಚ್‌ನಲ್ಲಿ ಹೊರಬಿದ್ದ, ಕಡತ ಕುಗ್ಗಿಸೋ ಎಕ್ಸ್‌ಜೆಡ್ ಟೂಲ್‌ನ ಪ್ರಕರಣದಲ್ಲಿ, 5.6.0 ಮತ್ತು 5.6.1 ಆವೃತ್ತಿಗಳ ಹಿಂಬಾಗಿಲನ್ನ (ಕದ್ದು ಒಳನುಗ್ಗೋಕೆ ಬಚ್ಚಿಟ್ಟ ಕೋಡನ್ನ) ಚಾಲೂ ಮಾಡೋ ಬಿಲ್ಡ್ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಗೆ ಕಟ್ಟಿದ ಕಡತಗಳ ಗಂಟು, ಅಂದರೆ ರಿಲೀಸ್ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಸೇರಿಸಿದ್ದು ಹೊರಗಿನವರಲ್ಲ, ಮೇಂಟೇನರ್ ಹಕ್ಕು ಪಡೆದಿದ್ದ ವ್ಯಕ್ತಿಯೇ. ಯಾರ ಲ್ಯಾಪ್‌ಟಾಪ್‌ನಿಂದಲೂ ರಿಲೀಸ್ ಮಾಡಬೇಡಿ. ಆವೃತ್ತಿಯ ಟ್ಯಾಗ್ ಹಾಕಿದ ಕಮಿಟ್‌ನಿಂದ ಸಿಐ (ಟೆಸ್ಟ್, ಬಿಲ್ಡ್ ತಾನಾಗೇ ನಡೆಸೋ ವ್ಯವಸ್ಥೆ) ತಾನೇ ಪ್ಯಾಕೇಜ್ ಕಟ್ಟಲಿ, ಆ ಸಿಐ ಕಡತ ಬದಲಿಸೋಕೂ ಇದೇ ಒಪ್ಪಿಗೆ ಬೇಕಾಗಲಿ.