ಹೊರಗೆ ಜಡಿಮಳೆ, ಪಾಲಿಹೌಸ್ ಒಳಗೆ ಗಿಡ ಬಾಡುತ್ತಿದೆ: ಡ್ರಿಪ್‌ನಲ್ಲಿ ನೀರು ಬರುತ್ತಿಲ್ಲ

ಸಾಗರದ ಹೊಸಬ:
ನಮಸ್ಕಾರ. ಮನೆ ಹಿಂದೆ 6 ಮೀಟರ್ ಉದ್ದ, 4 ಮೀಟರ್ ಅಗಲದ ಪಾಲಿಹೌಸ್ ಇದೆ. ದೊಣ್ಣೆ ಮೆಣಸು ಹಾಕಿದ್ದೇನೆ, 48 ಗಿಡ. ಸೂರಿಗೆ ಪಿವಿಸಿ ಪೈಪ್ ಸೀಳಿ ಕಟ್ಟಿ, ಮಳೆನೀರನ್ನು 1000 ಲೀಟರ್ ಟ್ಯಾಂಕಿಗೆ ಬಿಟ್ಟಿದ್ದೇನೆ. ಟ್ಯಾಂಕ್ 4 ಅಡಿ ಕಟ್ಟೆ ಮೇಲಿದೆ. ಪಂಪ್ ಇಲ್ಲ. ಟೈಮರ್, ಕರೆಂಟಿನ ವಾಲ್ವ್, ಆಮೇಲೆ ಗಿಡಕ್ಕೆ ಹನಿ ಬಿಡುವ ಡ್ರಿಪ್ಪರ್. ಟ್ಯಾಂಕ್ ತುಂಬಿದ ದಿನ ಸ್ವಲ್ಪ ತೊಟ್ಟಿಕ್ಕುತ್ತದೆ. ಅರ್ಧಕ್ಕೆ ಇಳಿದರೆ ಪೂರ್ತಿ ನಿಂತೇ ಹೋಗುತ್ತದೆ. ಫಿಲ್ಟರ್ ಮೂರು ಸಲ ತೊಳೆದೆ. ಎಳೆ ಕಾಯಿ ಉದುರುತ್ತಿವೆ, ನೋಡೋಕೆ ಆಗ್ತಿಲ್ಲ.

ಹನಿನೀರು:
ಮೊದಲು ಗಿಡಕ್ಕೆ ಕೈಯಲ್ಲೇ ನೀರು ಹಾಕಿ, ಇದು ಆಮೇಲೆ.

ನಿಮ್ಮಲ್ಲಿ ಕಸ ಕಟ್ಟಿಲ್ಲ ಅನ್ಸುತ್ತೆ. ಒತ್ತಡ ಸಾಲುತ್ತಿಲ್ಲ. ಒಂದು ಬಾರ್ ಒತ್ತಡ ಬೇಕಾದರೆ ನೀರು 10 ಮೀಟರ್ ಎತ್ತರದಲ್ಲಿರಬೇಕು. ನಿಮ್ಮ ಟ್ಯಾಂಕ್ ತುಂಬಿದಾಗಲೂ ನೀರಿನ ಮಟ್ಟ ನೆಲದಿಂದ ಏಳೂವರೆ ಅಡಿ. ಕಾಲು ಬಾರ್ ಕೂಡ ಇಲ್ಲ. ಟ್ಯಾಂಕ್ ದೊಡ್ಡದು ತಂದರೂ ಉಪಯೋಗವಿಲ್ಲ, ಎತ್ತರ ಮಾತ್ರ ಲೆಕ್ಕ.

ಕರೆಂಟಿನ ವಾಲ್ವ್ ಒಳಗೆ ಒಂದು ರಬ್ಬರ್ ಪೊರೆ ಇರುತ್ತದೆ. ಕರೆಂಟ್ ಕೊಟ್ಟಾಗ ಕಾಯಿಲ್ (ತಂತಿ ಸುರುಳಿ) ಒಂದು ಸಣ್ಣ ತೂತು ತೆರೆಯುತ್ತದೆ, ಅಷ್ಟೇ. ಪೊರೆಯನ್ನು ಎತ್ತುವುದು ನೀರಿನ ಒತ್ತಡವೇ. ಅದಕ್ಕೇ "ಟಕ್" ಅಂತ ಸದ್ದು ಬಂದರೂ ನೀರು ಬರಲ್ಲ. ವಾಲ್ವ್ ಬಿಚ್ಚಿ ಪೈಪ್ ನೇರ ಜೋಡಿಸಿ ನೋಡಿ. ಡ್ರಿಪ್ಪರ್ ಯಾವುದು? ಒತ್ತಡ ಸರಿದೂಗಿಸುವ (ಹೆಚ್ಚುಕಡಿಮೆ ಆದರೂ ಒಂದೇ ಅಳತೆ ನೀರು ಬಿಡುವ) ಜಾತಿಯದ್ದಾದರೆ ಇಷ್ಟು ಕಡಿಮೆಗೆ ಅದು ಕೆಲಸ ಮಾಡಲ್ಲ.

ಸಾಗರದ ಹೊಸಬ:
ಡ್ರಿಪ್ಪರ್ ಸಾದಾ, ಗಂಟೆಗೆ 4 ಲೀಟರಿನದು. ವಾಲ್ವ್ ತೆಗೆದೆ, ಈಗ ಚೆನ್ನಾಗಿ ಬರ್ತಿದೆ! ಆದರೆ ಟ್ಯಾಂಕ್ ಅರ್ಧವಾದರೆ ಈಗಲೂ ನಿಲ್ಲುತ್ತದೆ.

ತೋಟದಕ್ಕ:
ಪೈಪ್ ಎಲ್ಲಾದರೂ ಮೇಲೆ ಹತ್ತಿ ಇಳಿಯುತ್ತದಾ?

ಸಾಗರದ ಹೊಸಬ:
ಹೌದಕ್ಕ, ಓಡಾಡಲು ಅಡ್ಡ ಅಂತ ಬಾಗಿಲ ಮೇಲಿಂದ ತಂದಿದ್ದೇನೆ. ಬಾಗಿಲು 6 ಅಡಿ.

ತೋಟದಕ್ಕ:
ಅಲ್ಲೇ ಇರೋದು ನೋಡಿ. ಅರ್ಧ ಟ್ಯಾಂಕ್ ಅಂದರೆ ನೀರಿನ ಮಟ್ಟವೂ 6 ಅಡಿಗಿಂತ ತುಸು ಕೆಳಗೇ ಅಲ್ವಾ? ಬಾಗಿಲ ಮೇಲಿನ ಬಾಗಿನಲ್ಲಿ ಗಾಳಿ ನಿಂತರೆ ನೀರು ದಾಟಲ್ಲ. ಹೊಸ್ತಿಲ ಕೆಳಗೆ ಒಂದು ಗೇಣು ಮಣ್ಣು ತೆಗೆದು ಪೈಪ್ ಹೂಳಿ. ಟೈಮರ್ ಬೇಕೇ ಬೇಕು ಅಂದರೆ ಮೋಟಾರ್ ತಿರುಗಿಸುವ ಬಾಲ್ ವಾಲ್ವ್ ಹಾಕಿ. ಅದಕ್ಕೆ ನೀರಿನ ಒತ್ತಡದ ಹಂಗಿಲ್ಲ.

ಸಾಗರದ ಹೊಸಬ:
ಭಾನುವಾರ ಪೈಪ್ ಹೂಳಿದೆ. ಅರ್ಧ ಟ್ಯಾಂಕಿನಲ್ಲಿ ಬಾಟಲಿ ಇಟ್ಟು ಅಳೆದೆ: 10 ನಿಮಿಷಕ್ಕೆ ಮೊದಲ ಸಾಲಿನಲ್ಲಿ 280 ಮಿಲಿ, ಕೊನೆಯದರಲ್ಲಿ 260. ತುಂಬಾ ಸಂತೋಷ ಆಯ್ತು. ಇಬ್ಬರಿಗೂ ಧನ್ಯವಾದ. ಇನ್ನೊಂದು, ಟ್ಯಾಂಕ್ ಬಿಳಿದು. ಒಳಗೆ ಹಸಿರು ಪಾಚಿ ಕಾಣುತ್ತಿದೆ.

ತೋಟದಕ್ಕ:
ಬೆಳಕು ಹೋಗದಿದ್ದರೆ ಪಾಚಿ ಬೆಳೆಯಲ್ಲ. ತೊಳೆದು ಹೊರಗೆ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ಶೇಡ್ ನೆಟ್ ಎರಡು ಸುತ್ತು ಕಟ್ಟಿ. ಟ್ಯಾಂಕಿನ ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟೋದು ಮರೀಬೇಡಿ.